ವೋಲ್ಟೇಜ್ ನಡುಗಿದರೆ ತಪ್ಪು ಚಿಪ್‌ನದ್ದೇ? ಬಾಬ್ ವಿಡ್ಲರ್ ಬದುಕಿನಲ್ಲಿದೆ ಉತ್ತರ

ಕಳಸದಲ್ಲಿ ಮಳೆಗಾಲದ ಸಂಜೆ ಬಲ್ಬ್ ಮಂಕಾಗಿ ಮತ್ತೆ ಬೆಳಗಿದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಫ್ರಿಡ್ಜ್ ಪಕ್ಕದ ಸ್ಟೆಬಿಲೈಜರ್ ಟಕ್ ಎಂದು ಸದ್ದು ಮಾಡಿ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಪುಟ್ಟ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳಲ್ಲಿ ಇಂಥದ್ದೇ ಕೆಲಸ ಮಾಡುವುದು ವೋಲ್ಟೇಜ್ ರೆಗ್ಯುಲೇಟರ್. ಒಳಗೆ ಬರುವ ವೋಲ್ಟೇಜ್ ಏರಿಳಿದರೂ ಹೊರಗೆ ಕೊಡುವುದನ್ನು ಅದು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ.

ಇಲ್ಲಿನ ತೋಟದ ಮನೆಯೊಂದರಲ್ಲಿ ನಾವು ಮಣ್ಣಿನ ತೇವ ಅಳೆಯುವ ಸೆನ್ಸರ್‌ಗೆ 5 ವೋಲ್ಟ್ ಕೊಡುವ ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ ಮೇಲೆ ಜೋಡಿಸಿದೆವು. ಬೆಸುಗೆ ಬೇಡ, ತೂತಿಗೆ ತಂತಿ ಚುಚ್ಚಿದರಾಯಿತು. ಆದರೆ ರೀಡಿಂಗ್ ಒಂದು ಕಡೆ ನಿಲ್ಲಲೇ ಇಲ್ಲ. ಚಿಪ್ ಕೆಟ್ಟಿದೆ ಎಂದು ಎರಡು ಸಲ ಬದಲಿಸಿದೆವು. ಮೂರನೆಯದೂ ಹಾಗೇ. ಅಗ್ಗದ ಚಿಪ್ ಹಾಕಿದರೆ ಹೀಗೇ ಆಗುವುದು ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ನಿಜವೇ? ತಿಳಿಯಲು ಈ ಚಿಪ್‌ಗಳಿಗೆ ದಾರಿ ಮಾಡಿಕೊಟ್ಟವರ ಬದುಕನ್ನೊಮ್ಮೆ ನೋಡೋಣ.

ಬಾಬ್ ವಿಡ್ಲರ್ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ತಂದೆ ರೇಡಿಯೋ ವಿದ್ಯೆಯನ್ನು ಸ್ವಂತವಾಗಿ ಕಲಿತವರು. ವಿಡ್ಲರ್ ವಾಯುಪಡೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದರು, 1963ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಪದವಿ ಪಡೆದರು, ಅದೇ ವರ್ಷ ಫೇರ್‌ಚೈಲ್ಡ್ ಕಂಪನಿ ಸೇರಿದರು. ಅಲ್ಲಿ ಅವರು 1965ರಲ್ಲಿ ರೂಪಿಸಿದ 709 ಎಂಬ ಆಂಪ್ಲಿಫೈಯರ್ ಚಿಪ್ ಭಾರಿ ಯಶಸ್ಸು ಕಂಡಿತು. ನಂತರ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಗೆ ಹೋಗಿ, ಬಿಡಿ ಬಿಡಿ ಭಾಗಗಳಿಂದ ಕಟ್ಟುತ್ತಿದ್ದ ರೆಗ್ಯುಲೇಟರನ್ನು ಎಲ್‌ಎಂ100 ಎಂಬ ಒಂದೇ ಚಿಪ್‌ಗೆ ಇಳಿಸಿದರು.

ಮುಂದಿನ ಹೆಜ್ಜೆ ಎಲ್‌ಎಂ109. ಮೂರೇ ಕಾಲು, 5 ವೋಲ್ಟ್, 1 ಆಂಪಿಯರ್‌ಗೂ ಹೆಚ್ಚು ಕರೆಂಟ್. ಇದರ ಒಳಗಿನ ಉಪಾಯ ಸೊಗಸಾದದ್ದು. ಬಿಸಿ ಏರಿದಂತೆ ಟ್ರಾನ್ಸಿಸ್ಟರ್‌ನ ಒಂದು ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಎರಡು ಟ್ರಾನ್ಸಿಸ್ಟರ್‌ಗಳ ವೋಲ್ಟೇಜ್ ನಡುವಿನ ವ್ಯತ್ಯಾಸವಾದರೋ ಬಿಸಿಯೊಂದಿಗೆ ಏರುತ್ತದೆ. ಇಳಿಯುವುದನ್ನೂ ಏರುವುದನ್ನೂ ಸರಿಯಾದ ಅಳತೆಯಲ್ಲಿ ಕೂಡಿಸಿದರೆ ಬಿಸಿಗೆ ಅಲುಗದ ಸುಮಾರು 1.2 ವೋಲ್ಟ್ ಸಿಗುತ್ತದೆ. ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಎಂದರೆ ಇದೇ. ಇಂದಿನ ಬಹುಪಾಲು ರೆಗ್ಯುಲೇಟರ್‌ಗಳು ಇದೇ ತತ್ವದ ಮೇಲೆ ನಿಂತಿವೆ.

ನಮಗೆ ಬೇಕಾದ ಉತ್ತರ ಇರುವುದು ಎಲ್‌ಎಂ109ರ ಉದ್ದೇಶದಲ್ಲಿ. ಒಂದೇ ದೊಡ್ಡ ರೆಗ್ಯುಲೇಟರ್‌ನಿಂದ ದೂರದ ಕಾರ್ಡ್‌ಗಳಿಗೆಲ್ಲ ತಂತಿ ಎಳೆದರೆ ದಾರಿಯಲ್ಲೇ ವೋಲ್ಟೇಜ್ ಕೆಡುತ್ತದೆ. ಅದರ ಬದಲು ಪ್ರತಿ ಕಾರ್ಡ್‌ನಲ್ಲೂ ಒಂದೊಂದು ಪುಟ್ಟ ರೆಗ್ಯುಲೇಟರ್ ಇರಲಿ ಎಂದೇ ಈ ಚಿಪ್ ಹುಟ್ಟಿದ್ದು. ರೆಗ್ಯುಲೇಟರ್ ಕಾಯುವುದು ತನ್ನ ಕಾಲಿನ ಬುಡದ ವೋಲ್ಟೇಜನ್ನು ಮಾತ್ರ, ಆಮೇಲಿನ ದಾರಿಗೆ ಅದು ಜವಾಬ್ದಾರಿಯಲ್ಲ.

ಬ್ರೆಡ್‌ಬೋರ್ಡ್‌ಗೆ ಈ ಲೆಕ್ಕ ಹಾಕೋಣ. ಸಾಮಾನ್ಯ 7805 ಚಿಪ್‌ನ ಸ್ವಂತ ನಾಯ್ಸ್, ಅಂದರೆ ವೋಲ್ಟೇಜ್‌ನ ಸಣ್ಣ ನಡುಕ, ಸುಮಾರು 40 ಮೈಕ್ರೋವೋಲ್ಟ್. ಸಡಿಲವಾದ ಒಂದು ತೂತಿನಲ್ಲಿ 0.05 ಓಮ್ ಪ್ರತಿರೋಧವಿದ್ದು, ಕರೆಂಟ್ 100 ಮಿಲಿಆಂಪಿಯರ್ ಏರಿಳಿದರೆ ಹುಟ್ಟುವ ನಡುಕ 5 ಮಿಲಿವೋಲ್ಟ್. ಚಿಪ್‌ನದ್ದಕ್ಕಿಂತ 125 ಪಟ್ಟು! ಉದ್ದ ತಂತಿಗಳು ಆಂಟೆನಾದಂತೆ ಮನೆಯ ವೈರಿಂಗ್‌ನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತವೆ. ಮಲೆನಾಡಿನ ತೇವಕ್ಕೆ ಲೋಹದ ಕ್ಲಿಪ್‌ಗಳು ಕಿಲುಬು ಹಿಡಿದರಂತೂ ಕೇಳುವುದೇ ಬೇಡ.

ವಿಡ್ಲರ್ ಬಗ್ಗೆ ಹೆಚ್ಚು ಹರಡಿರುವುದು ಅವರ ಕುಡಿತದ ಕಥೆಗಳು, ಮತ್ತು ಹುಲ್ಲು ಕತ್ತರಿಸಲು ದುಡ್ಡಿಲ್ಲವೆಂದ ಕಂಪನಿಯ ಅಂಗಳಕ್ಕೆ 1970ರಲ್ಲಿ ಕುರಿ ತಂದು ಬಿಟ್ಟ ಪ್ರಸಂಗ. ಅವರ ಇನ್ನೊಂದು ಅಭ್ಯಾಸವೇ ನಮಗೆ ಹೆಚ್ಚು ಉಪಯುಕ್ತ. ಕೆಟ್ಟ ಭಾಗ ಸಿಕ್ಕರೆ ಅವರು ಅದನ್ನು ಸುತ್ತಿಗೆಯಿಂದ ಪುಡಿ ಮಾಡುತ್ತಿದ್ದರು, ಅದು ಇನ್ನೊಮ್ಮೆ ಯಾರನ್ನೂ ದಾರಿ ತಪ್ಪಿಸಬಾರದು ಎಂದು. ಆದರೆ ಸುತ್ತಿಗೆ ಎತ್ತುವ ಮೊದಲು ತಪ್ಪು ಯಾರದೆಂದು ಖಚಿತವಾಗಬೇಕಲ್ಲ?

1970ರ ಕೊನೆಗೆ, ಕೇವಲ 33ರ ವಯಸ್ಸಿನಲ್ಲಿ, ವಿಡ್ಲರ್ ನ್ಯಾಷನಲ್ ತೊರೆದು ಮೆಕ್ಸಿಕೋಗೆ ಹೋದರು. 1981ರಲ್ಲಿ ಲೀನಿಯರ್ ಟೆಕ್ನಾಲಜಿ ಕಂಪನಿ ಕಟ್ಟಿದವರ ಜೊತೆಗೂ ಇದ್ದರು. 1991ರಲ್ಲಿ, 53ರ ವಯಸ್ಸಿಗೇ ತೀರಿಕೊಂಡರು. ಅದೇ ಕಂಪನಿಯಿಂದ ಮುಂದೆ ಬಂದ ಎಲ್‌ಟಿ3045 ಚಿಪ್‌ನ ನಾಯ್ಸ್ ಬರೀ 0.8 ಮೈಕ್ರೋವೋಲ್ಟ್. ಅದನ್ನೂ ಕಿಲುಬು ಹಿಡಿದ ಬ್ರೆಡ್‌ಬೋರ್ಡ್‌ಗೆ ಚುಚ್ಚಿದರೆ ಕೊಟ್ಟ ದುಡ್ಡು ದಂಡ.

ನಾವು ಕೊನೆಗೆ ಮಾಡಿದ್ದಿಷ್ಟೇ: ರೆಗ್ಯುಲೇಟರನ್ನು ಸೆನ್ಸರ್‌ನ ಪಕ್ಕಕ್ಕೆ ತಂದೆವು, ತಂತಿ ಗಿಡ್ಡ ಮಾಡಿದೆವು, ಚಿಪ್‌ನ ಕಾಲಿಗೆ ಅಂಟಿಕೊಂಡಂತೆ ಕೆಪಾಸಿಟರ್ ಇಟ್ಟೆವು, ಸಡಿಲ ತೂತುಗಳನ್ನು ಬಿಟ್ಟೆವು. ರೀಡಿಂಗ್ ಬಹುಮಟ್ಟಿಗೆ ನಿಂತಿತು. ಉಳಿದ ಅಲ್ಪ ನಡುಕಕ್ಕೆ ಬೆಸುಗೆಯೇ ಮದ್ದು. ಕೆಟ್ಟಿವೆ ಎಂದು ತೆಗೆದಿಟ್ಟಿದ್ದ ಎರಡು ಚಿಪ್‌ಗಳನ್ನು ಮತ್ತೆ ಹಾಕಿ ನೋಡಿದೆವು. ಎರಡೂ ಚೆನ್ನಾಗಿಯೇ ಇದ್ದವು.