ಹತ್ತು ವರ್ಷದ ಹುಡುಗ ಓಡಿಸಿದ ರೈಲು

ಫ್ರಾಂಕ್ ಸ್ಪ್ರೇಗ್ 1857ರಲ್ಲಿ ಅಮೆರಿಕದಲ್ಲಿ ಹುಟ್ಟಿದರು. ನೌಕಾಪಡೆಯಲ್ಲಿದ್ದರು. ಎಡಿಸನ್ ಹತ್ತಿರವೂ ಸ್ವಲ್ಪ ಕಾಲ ಕೆಲಸ ಮಾಡಿದರು.

ಆಗ ರೈಲು ಅಂದ್ರೆ ಮುಂದೆ ಎಂಜಿನ್, ಹಿಂದೆ ಡಬ್ಬಿಗಳು. ಡಬ್ಬಿ ಹೆಚ್ಚಾದರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಸ್ಪ್ರೇಗ್ ಡಬ್ಬಿಗಳ ಕೆಳಗೇ ಕರೆಂಟಿನ ಮೋಟಾರು ಕೂರಿಸಿ, ಎಲ್ಲಕ್ಕೂ ತಂತಿ ಎಳೆದರು. ಮುಂದಿರುವವನು ಒಂದು ಹಿಡಿ ತಿರುಗಿಸಿದರೆ ಸಾಕು, ಎಲ್ಲಾ ಮೋಟಾರೂ ಒಟ್ಟಿಗೇ ತಿರುಗುತ್ತವೆ. ಹತ್ತು ಜೋಡಿ ಎತ್ತಿಗೆ ಒಂದೇ ಹಗ್ಗ ಇದ್ದ ಹಾಗೆ!

ಷಿಕಾಗೋದ ರೈಲು ಕಂಪನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಒಂದು ಲಕ್ಷ ಡಾಲರ್ ಜಾಮೀನು ಕೇಳಿತು. ಸೋತರೆ ಮನೆ ಮಠ ಹೋದಂತೆಯೇ. ಸ್ಪ್ರೇಗ್ ಒಪ್ಪಿದರು. 1897ರ ಜುಲೈನಲ್ಲಿ ಪರೀಕ್ಷೆ ನಡೆಯಿತು. ಹಿಡಿ ಯಾರ ಕೈಗೆ ಕೊಟ್ಟರು ಗೊತ್ತಾ? ಹತ್ತು ವರ್ಷದ ಮಗ ಡೆಸ್ಮಂಡ್ ಕೈಗೆ! ನಮ್ಮ ಐದನೇ ಕ್ಲಾಸಿನವರಷ್ಟು ಹುಡುಗ. ರೈಲು ಸರಾಗವಾಗಿ ಓಡಿತು.

ಸ್ಪ್ರೇಗ್ 1934ರಲ್ಲಿ ತೀರಿಕೊಂಡರು. ಮುಂಬಯಿಗೆ ಹೋದರೆ ಲೋಕಲ್ ರೈಲು ನೋಡಿ. ಅದಕ್ಕೂ ಮುಂದೆ ಬೇರೆ ಎಂಜಿನ್ ಇರೋದಿಲ್ಲ.