ಹಸಿದವರನ್ನು ಸದಸ್ಯರನ್ನಾಗಿ ಮಾಡಿದ ರೈಫೈಸನ್



ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಹಸಿದವರಿಗೆ ಉಣಬಡಿಸಿದವರು, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಟ್ಟವರು ಅದನ್ನು ಪ್ರಭು ಯೇಸುವಿಗೇ ಮಾಡಿದರೆಂದು ಅಂತಿಮ ತೀರ್ಪಿನ ದಿನ ತಿಳಿದುಬರುತ್ತದೆ. ಈ ಬೋಧನೆಯನ್ನು ಕಾಣಿಕೆ ಡಬ್ಬಿಯ ತನಕ ಒಯ್ದು ಅಲ್ಲೇ ಬಿಟ್ಟುಬಿಡುವವರು ಬಹಳ ಮಂದಿ. ಅದನ್ನು ಹಿಡಿದು ಇನ್ನೂ ಮುಂದೆ ನಡೆದವರೊಬ್ಬರಿದ್ದಾರೆ. ಅವರು ಕಥೋಲಿಕರಲ್ಲ, ಪ್ರೊಟೆಸ್ಟಂಟ್ ಸಭೆಯವರು. ಆದರೂ ಅವರ ಬದುಕು ನಮಗೆಲ್ಲ ಪಾಠ.

ಫ್ರೀಡ್ರಿಷ್ ವಿಲ್ಹೆಲ್ಮ್ ರೈಫೈಸನ್ 1818ರ ಮಾರ್ಚ್ 30ರಂದು ಜರ್ಮನಿಯ ಹಾಮ್ ಎಂಬ ಊರಿನಲ್ಲಿ ಹುಟ್ಟಿದರು. ಒಂಬತ್ತು ಮಕ್ಕಳಲ್ಲಿ ಏಳನೆಯವರು. ಬಡತನದಿಂದ ಹೆಚ್ಚಿನ ಓದು ಸಾಧ್ಯವಾಗಲಿಲ್ಲ. ಊರಿನ ಪಾದ್ರಿಯೊಬ್ಬರು ಪಾಠ ಹೇಳಿಕೊಟ್ಟರು. ಹದಿನೇಳನೆಯ ವಯಸ್ಸಿಗೆ ಸೈನ್ಯ ಸೇರಿದರು. ಕಣ್ಣಿನ ಕಾಯಿಲೆ ಅಲ್ಲಿಂದಲೂ ಹೊರಡಿಸಿತು. 1845ರಲ್ಲಿ ವೇಯರ್‌ಬುಶ್ ಎಂಬ ಹಳ್ಳಿಗಾಡಿನ ಮೇಯರ್ ಆದರು.

ಮರುವರ್ಷವೇ ಬೆಳೆ ಕೈಕೊಟ್ಟಿತು. 1846-47ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗೆಟ್ಟರು. ಸರ್ಕಾರ ಹಿಟ್ಟು ಕಳುಹಿಸಿತು, ಆದರೆ ನಗದು ಕೊಟ್ಟವರಿಗೆ ಮಾತ್ರ ಎಂದಿತು. ನಗದು ಇದ್ದವರು ಹಸಿದಿರುತ್ತಾರೆಯೇ? ರೈಫೈಸನ್ ಉಳ್ಳವರಿಂದ ಹಣ ಕೂಡಿಸಿದರು. ಊರಿಗೇ ಒಂದು ರೊಟ್ಟಿಯ ಒಲೆ ಕಟ್ಟಿಸಿದರು. ಬಡವರಿಗೆ ಕಡಿಮೆ ಬೆಲೆಗೆ, ಕಡವಾಗಿ ರೊಟ್ಟಿ ಸಿಗುವಂತೆ ಮಾಡಿದರು.

ಹೊಟ್ಟೆ ತುಂಬಿತು. ಆದರೆ ರೈತನ ಕೊರಳಿಗೆ ಸಾಲದ ಹಗ್ಗ ಹಾಗೆಯೇ ಇತ್ತು. ದನ ಕೊಳ್ಳಲು ಮಾಡಿದ ಸಾಲಕ್ಕೆ ಬಡ್ಡಿ ಬೆಳೆದು ಹೊಲವೇ ಹೋಗುತ್ತಿತ್ತು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ, 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಅವರು ಸಹಾಯ ಸಂಘಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಶ್ರೀಮಂತರೇ ಸದಸ್ಯರು, ಬಡವರು ಕೈಚಾಚಿ ಪಡೆಯುವವರು. ಕೆಲವು ವರ್ಷಗಳಲ್ಲಿ ಶ್ರೀಮಂತರ ಉತ್ಸಾಹ ತಣ್ಣಗಾಯಿತು.

ಉಳ್ಳವರ ಕ್ರೈಸ್ತ ಪ್ರೀತಿಯೊಂದೇ ಸಾಕೆಂದು ರೈಫೈಸನ್ ಬಹುಕಾಲ ನಂಬಿದ್ದರು. ಅನುಭವ ಅವರನ್ನು ತಿದ್ದಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಸಂಘವನ್ನು ಹೊಸದಾಗಿ ಕಟ್ಟಿದರು: ಸಾಲ ಪಡೆಯುವವನೂ ಸದಸ್ಯನಾಗಬೇಕು, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ, ಒಬ್ಬರನ್ನೊಬ್ಬರು ಬಲ್ಲ ಸಣ್ಣ ಊರೇ ಸಂಘದ ಎಲ್ಲೆ, ಆಡಳಿತ ನಡೆಸುವವರಿಗೆ ಸಂಬಳವಿಲ್ಲ. ಬ್ಯಾಂಕು ಬಾಗಿಲು ಮುಚ್ಚಿದ ಬಡವನಿಗೆ ಅವನ ನೆರೆಯವರ ನಂಬಿಕೆಯೇ ಜಾಮೀನಾಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಅಂತಿಮ ತೀರ್ಪಿನ ಬೋಧನೆಗೆ ಸ್ವಲ್ಪ ಮುಂಚೆ, ಅದೇ ಅಧ್ಯಾಯದಲ್ಲಿ, ತಲೆಂತುಗಳ ಸಾಮತಿಯಿದೆ. ಒಡೆಯನು ಆಳುಗಳನ್ನು ನಂಬಿ ಅವರ ಕೈಗೆ ಹಣ ಕೊಡುತ್ತಾನೆ. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಸತ್ಯ ಹೊಳೆಯುತ್ತದೆ. ಹಸಿದವನು ಬರಿಯ ಹೊಟ್ಟೆಯಲ್ಲ. ದೇವರು ಅವನ ಕೈಗೂ ಏನನ್ನೋ ಒಪ್ಪಿಸಿದ್ದಾರೆ. ಅವನಿಗೆ ಅನ್ನ ಕೊಡುವುದು ದಯೆಯ ಆರಂಭ. ಅವನನ್ನು ನಂಬಿ, ಅವನ ಜೊತೆ ಹೊಣೆ ಹೊರುವುದು ಅದರ ಪೂರ್ಣತೆ.

ಇಷ್ಟೆಲ್ಲ ಮಾಡುವಾಗ ರೈಫೈಸನ್‌ರಿಗೆ ಸುಖವಿರಲಿಲ್ಲ. 1863ರಲ್ಲಿ ಪತ್ನಿ ತೀರಿಕೊಂಡರು. ದೃಷ್ಟಿ ಮಂದವಾಗಿ 1865ರಲ್ಲಿ ಕೆಲಸ ಬಿಡಬೇಕಾಯಿತು. ಆದರೂ ಮಗಳು ಅಮಾಲಿಯ ಕೈಯಲ್ಲಿ ಬರೆಸಿ, ಸಾಲ ಸಂಘಗಳ ಕುರಿತ ಪುಸ್ತಕವನ್ನು 1866ರಲ್ಲಿ ಹೊರತಂದರು. 1888ರ ಮಾರ್ಚ್ 11ರಂದು ದೈವಾಧೀನರಾದರು.

ಅವರು ಬಿತ್ತಿದ ಬೀಜ ನಮ್ಮ ನಾಡಿಗೂ ಬಂತು. ಮದ್ರಾಸ್ ಸರ್ಕಾರಕ್ಕಾಗಿ ಫ್ರೆಡರಿಕ್ ನಿಕಲ್ಸನ್ ಬರೆದ ವರದಿ ರೈಫೈಸನ್‌ರ ದಾರಿಯನ್ನೇ ತೋರಿಸಿತು. 1904ರಲ್ಲಿ ಭಾರತದಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1909ರಲ್ಲಿ ಯೇಸುಸಭೆಯ ಗುರು ಹಾಫ್‌ಮನ್, ಛೋಟಾನಾಗಪುರದ ಆದಿವಾಸಿ ಕಥೋಲಿಕರಿಗಾಗಿ ಸಾಲ ಸಹಕಾರ ಸಂಘ ಆರಂಭಿಸಿದರು.

ಆದರೂ ಸಾಲದ ಹಗ್ಗ ಇನ್ನೂ ಸಡಿಲಿಲ್ಲ. ಕಿರುಸಾಲ ವಸೂಲಿಯವರ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಾಯ್ದೆ ಬಾಗಿಲಿಗೆ ಬಂದವನನ್ನು ತಡೆಯಬಹುದು; ಒಳಗೆ ಅಳುತ್ತಿರುವ ತಾಯಿಯ ಪಕ್ಕದಲ್ಲಿ ಕೂರಲಾರದು. ಅದು ನೆರೆಯವರ ಕೆಲಸ.

ನಿಮ್ಮ ಧರ್ಮಕೇಂದ್ರದಲ್ಲಿ ಸ್ವಸಹಾಯ ಸಂಘವಿದೆಯೇ? ಅದರಲ್ಲಿ ತೀರಾ ಬಡವರಿಗೆ ಜಾಗವಿದೆಯೇ, ಅಥವಾ ಕಂತು ಕಟ್ಟಲಾರರೆಂದು ಅವರನ್ನು ಹೊರಗಿಟ್ಟಿದ್ದೇವೆಯೇ? ಲೆಕ್ಕದ ಪುಸ್ತಕ ಎಲ್ಲರ ಮುಂದೆ ತೆರೆಯುತ್ತದೆಯೇ? ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ, ಸಾಲದ ಭಾರದಿಂದ ತಲೆ ತಗ್ಗಿಸಿ ನಡೆಯುವ ಒಬ್ಬರನ್ನು ಹುಡುಕಿ ಮಾತನಾಡಿಸಿರಿ. ನಿಮಗಾಗಿ ಅಲ್ಲಿ ಕಾದಿರುವವರು ಪ್ರಭುವೇ.