ಹೆಂಡತಿ ಹೊಲಿದ ರೆಕ್ಕೆ, ತಾತ ಕೊಟ್ಟ ಸಾಲ: ಟೈಗರ್ ಮಾತ್ ವಿಮಾನದ ಹಿಂದಿನ ಜೆಫ್ರಿ ಡಿ ಹ್ಯಾವಿಲೆಂಡ್ ಬದುಕು

ಹೈದರಾಬಾದ್: ಅಂಗಡಿಯಲ್ಲಿ ಸಿಗುವ ಕಿಟ್ ತಾರದೆ, ಬಾಲ್ಸಾ ಮರದ ತೆಳು ಹಲಗೆಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಂಟು ಹಾಕಿ ಸ್ವಂತ ಕೈಯಿಂದ ವಿಮಾನದ ಮಾದರಿ ಕಟ್ಟುವ ಹವ್ಯಾಸ ಜಗತ್ತಿನಾದ್ಯಂತ ಇದೆ. ಇಂಥ ಹವ್ಯಾಸಿಗಳಿಗೆ ಅಚ್ಚುಮೆಚ್ಚಿನ ಬೈಪ್ಲೇನ್‌ಗಳಲ್ಲಿ ಟೈಗರ್ ಮಾತ್ ಒಂದು. ಮೇಲೊಂದು, ಕೆಳಗೊಂದು ರೆಕ್ಕೆ, ನಡುವೆ ಕಂಬ ಮತ್ತು ತಂತಿ, ಇಬ್ಬರು ಕೂರುವ ತೆರೆದ ಕಾಕ್‌ಪಿಟ್ ಇರುವ ವಿಮಾನ ಅದು.

ಹೈದರಾಬಾದಿಗೂ ಈ ವಿಮಾನಕ್ಕೂ ಹಳೆಯ ನಂಟಿದೆ. ಅಬಿಡ್ಸ್‌ನಿಂದ ಕೆಲವೇ ಕಿ.ಮೀ. ದೂರದ ಬೇಗಂಪೇಟೆಯಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಆರಂಭಿಕ ವಿಮಾನ ತರಬೇತಿ ಶಾಲೆ ಇತ್ತು. ಅಲ್ಲಿನ ಯುವಕರು ಹಾರಾಟ ಕಲಿತದ್ದು ಟೈಗರ್ ಮಾತ್‌ನಲ್ಲೇ. ಅಬಿಡ್ಸ್ ಹತ್ತಿರದ ನಿಜಾಂ ಕಾಲೇಜಿನಲ್ಲಿ ಓದಿ, ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದ ಇದ್ರಿಸ್ ಹಸನ್ ಲತೀಫ್ ಕೂಡ ಆರಂಭದ ತರಬೇತಿ ಪಡೆದದ್ದು ಬೇಗಂಪೇಟೆಯಲ್ಲಿ.

ಈ ವಿಮಾನದ ಹಿಂದಿದ್ದವರು ಬ್ರಿಟನ್ನಿನ ಜೆಫ್ರಿ ಡಿ ಹ್ಯಾವಿಲೆಂಡ್. ಕೈಯಿಂದ ಕಟ್ಟುವುದು, ಮುರಿದರೆ ಕಾರಣ ಹುಡುಕುವುದು, ಮತ್ತೆ ಕಟ್ಟುವುದು. ಅವರ ಬದುಕು ನಡೆದದ್ದೇ ಹೀಗೆ. ಅದಕ್ಕೆ ಅವರು ತೆತ್ತ ಬೆಲೆ ಮಾತ್ರ ಬಹಳ ದೊಡ್ಡದು.

ಪಾದ್ರಿಯ ಮಗನಿಗೆ ಹಾರುವ ಹುಚ್ಚು

ಜೆಫ್ರಿ ಹುಟ್ಟಿದ್ದು 1882ರ ಜುಲೈ 27ರಂದು, ಇಂಗ್ಲೆಂಡಿನ ಹೈ ವಿಕೂಮ್ ಬಳಿ. ತಂದೆ ಚರ್ಚ್‌ನಲ್ಲಿ ಪಾದ್ರಿ. ಹಾಲಿವುಡ್‌ನ ಖ್ಯಾತ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಇವರ ಚಿಕ್ಕಪ್ಪನ ಮಗಳು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಜಿನಿಯರಿಂಗ್ ಶಾಲೆಯಲ್ಲಿ ಓದಿದ ಜೆಫ್ರಿ, ಕಾರು ಮತ್ತು ಬಸ್ ತಯಾರಿಸುವ ಕಂಪನಿಗಳಲ್ಲಿ ಕೆಲಸ ಮಾಡಿದರು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ರೈಟ್ ಸಹೋದರರು ಹಾರಿದ ಸುದ್ದಿ ಆಗ ಯುರೋಪಿನ ತರುಣರ ನಿದ್ದೆಗೆಡಿಸಿತ್ತು.

ಜೆಫ್ರಿ ಸೀದಾ ತಾಯಿಯ ತಂದೆಯ ಬಳಿ ಹೋಗಿ 1,000 ಪೌಂಡ್ ಸಾಲ ಕೇಳಿದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಮೊಮ್ಮಗ ಇದುವರೆಗೆ ಒಮ್ಮೆಯೂ ಹಾರಿದವನಲ್ಲ ಎಂದು ಗೊತ್ತಿದ್ದೂ ತಾತ ಹಣ ಕೊಟ್ಟರು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದದ್ದಾಯಿತು. ಜೊತೆಗೆ ನಿಂತವರು ಮೆಕ್ಯಾನಿಕ್ ಗೆಳೆಯ ಫ್ರಾಂಕ್ ಹರ್ಲ್. ಎಂಜಿನ್ ಕೂಡ ಜೆಫ್ರಿಯದೇ ವಿನ್ಯಾಸ.

ರೆಕ್ಕೆಗಳಿಗೆ ಹೊದಿಸಬೇಕಿದ್ದ ಬಟ್ಟೆಯನ್ನು ಹೊಲಿದವರು ಹೆಂಡತಿ ಲೂಯಿಸ್. ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರದಲ್ಲಿ ಗಜಗಟ್ಟಲೆ ಬಟ್ಟೆ ಹೊಲಿದು ರೆಕ್ಕೆಗೆ ಅಳತೆಯಾಗಿ ಕೂರಿಸಿದರು. 1909ರಲ್ಲಷ್ಟೇ ಮದುವೆಯಾಗಿದ್ದ ಆ ದಂಪತಿಯ ಹೊಸ ಸಂಸಾರ ಶುರುವಾದದ್ದು ಹೀಗೆ.

ಮೊದಲ ವಿಮಾನ ಮುರಿದು ಬಿತ್ತು

1909ರ ಡಿಸೆಂಬರ್. ಹ್ಯಾಂಪ್‌ಶೈರ್‌ನ ಸೆವೆನ್ ಬ್ಯಾರೋಸ್ ಎಂಬ ಬಯಲಿನಲ್ಲಿ ವಿಮಾನ ಇಳಿಜಾರಿನಲ್ಲಿ ಓಡಿ ನೆಲ ಬಿಟ್ಟಿತು. ಜೆಫ್ರಿ ಅದನ್ನು ಥಟ್ಟನೆ ಮೇಲಕ್ಕೆ ಎತ್ತಿದರು. ರೆಕ್ಕೆ ಆ ಭಾರ ತಾಳದೆ ಮುರಿಯಿತು. ತಿಂಗಳುಗಟ್ಟಲೆಯ ದುಡಿಮೆ ಕೆಲವೇ ಕ್ಷಣಗಳಲ್ಲಿ ಸೌದೆಯಾಯಿತು. ಪುಣ್ಯಕ್ಕೆ ಜೆಫ್ರಿಗೆ ಸಣ್ಣಪುಟ್ಟ ಗಾಯಗಳಷ್ಟೇ ಆದವು, ಎಂಜಿನ್ ಕೂಡ ಉಳಿಯಿತು.

ಅದೇ ಎಂಜಿನ್ ಇಟ್ಟುಕೊಂಡು ಎರಡನೇ ವಿಮಾನ ಕಟ್ಟಿದರು. ಈ ಬಾರಿ ಮರ ಇನ್ನೂ ಗಟ್ಟಿ, ರಚನೆ ಇನ್ನೂ ಸರಳ. 1910ರ ಸೆಪ್ಟೆಂಬರ್‌ನಲ್ಲಿ ಅದೇ ಬಯಲಿನಲ್ಲಿ ಅದು ಹಾರಿತು. ಜೆಫ್ರಿಗೆ ಕಲಿಸಲು ಗುರು ಇರಲಿಲ್ಲ. ವಿಮಾನ ಕಟ್ಟುವುದನ್ನೂ ಓಡಿಸುವುದನ್ನೂ ಒಟ್ಟಿಗೇ ಕಲಿತರು. ಅದೇ ವರ್ಷದ ಕೊನೆಗೆ ಫಾರ್ನ್‌ಬರೋದ ಸರ್ಕಾರಿ ಬಲೂನ್ ಕಾರ್ಖಾನೆ ಆ ವಿಮಾನವನ್ನು 400 ಪೌಂಡ್‌ಗೆ ಕೊಂಡಿತು. ವಿಮಾನದ ಜೊತೆ ಜೆಫ್ರಿಗೂ ಅಲ್ಲೇ ಕೆಲಸ ಸಿಕ್ಕಿತು.

ಚಿಟ್ಟೆ, ಪತಂಗಗಳ ಹೆಸರು

ಮೊದಲ ಮಹಾಯುದ್ಧದಲ್ಲಿ ಏರ್‌ಕೋ ಕಂಪನಿಗಾಗಿ ಹಲವು ಯುದ್ಧವಿಮಾನಗಳನ್ನು ವಿನ್ಯಾಸ ಮಾಡಿದ ಜೆಫ್ರಿ, 1920ರಲ್ಲಿ ಲಂಡನ್ ಹೊರವಲಯದ ಸ್ಟ್ಯಾಗ್ ಲೇನ್‌ನಲ್ಲಿ ಸ್ವಂತ ಕಂಪನಿ ಕಟ್ಟಿದರು. ಯುದ್ಧ ಮುಗಿದಿತ್ತು, ವಿಮಾನ ಕೊಳ್ಳುವವರು ಇರಲಿಲ್ಲ. ಸಾಮಾನ್ಯ ಜನರೂ ಓಡಿಸಬಹುದಾದ, ರೆಕ್ಕೆ ಮಡಚಿ ಶೆಡ್‌ನಲ್ಲಿ ನಿಲ್ಲಿಸಬಹುದಾದ ಅಗ್ಗದ ವಿಮಾನ ಬೇಕು ಎಂದು ಅವರಿಗೆ ಅನ್ನಿಸಿತು. 1925ರ ಫೆಬ್ರವರಿ 22ರಂದು ಅಂಥ ವಿಮಾನವನ್ನು ಅವರೇ ಹಾರಿಸಿದರು. ಅದರ ಹೆಸರು ಮಾತ್, ಅಂದರೆ ಪತಂಗ. ಚಿಕ್ಕಂದಿನಿಂದ ಚಿಟ್ಟೆ, ಪತಂಗಗಳನ್ನು ಗಮನಿಸುತ್ತಿದ್ದ ಜೆಫ್ರಿ ತಮ್ಮ ವಿಮಾನಗಳಿಗೂ ಅವುಗಳ ಹೆಸರನ್ನೇ ಇಟ್ಟರು.

ಆ ಪತಂಗಗಳು ಭಾರತಕ್ಕೂ ಬಂದವು. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹಾರಿದ ಆಮಿ ಜಾನ್ಸನ್ ಜಿಪ್ಸಿ ಮಾತ್‌ನಲ್ಲಿ ಕರಾಚಿ, ಕಲ್ಕತ್ತಾ ದಾಟಿ ಹೋದರು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದದ್ದು ಪಸ್ ಮಾತ್‌ನಲ್ಲಿ. ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಸಂಸ್ಥೆಯ ಮೊದಲ ಹಾರಾಟ ಅದು.

ನಕ್ಷೆಗಿಂತ ಮೊದಲು ಕೈ

ಟೈಗರ್ ಮಾತ್ ಹುಟ್ಟಿದ್ದು ತರಬೇತಿಗಾಗಿ. ಹಳೆಯ ಮಾತ್‌ನಲ್ಲಿ ಒಂದು ತೊಂದರೆ ಇತ್ತು. ಮುಂದಿನ ಸೀಟಿನ ತಲೆಯ ಮೇಲೇ ರೆಕ್ಕೆ ಇದ್ದುದರಿಂದ, ಅಪಾಯದಲ್ಲಿ ಪ್ಯಾರಾಚೂಟ್ ಹಾಕಿಕೊಂಡವರು ಹೊರಗೆ ಹಾರುವುದು ಕಷ್ಟ. ಅದಕ್ಕೆ ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಸರಿಸಿದ ಕೂಡಲೇ ವಿಮಾನದ ಸಮತೋಲ ತಪ್ಪಿತು. ಆಗ ರೆಕ್ಕೆಗಳ ತುದಿಯನ್ನು ಹಿಂದಕ್ಕೆ ವಾಲಿಸಿ ಸರಿದೂಗಿಸಿದರು. ಮೊದಲು ನಕ್ಷೆ ಬರೆದು ಮಾಡಿದ ಕೆಲಸವಲ್ಲ ಇದು. ಶೆಡ್‌ನಲ್ಲಿ ವಿಮಾನವನ್ನೇ ಎದುರಿಗಿಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಕಂಡುಕೊಂಡ ಪರಿಹಾರ. 1931ರ ಅಕ್ಟೋಬರ್ 26ರಂದು ಟೈಗರ್ ಮಾತ್ ಮೊದಲ ಬಾರಿ ಹಾರಿತು. ಮುಂದೆ ಒಟ್ಟು 8,000ಕ್ಕೂ ಹೆಚ್ಚು ತಯಾರಾದವು.

ಇಂದು ಮಾದರಿ ಕಟ್ಟುವವರಿಗೆ ತಲೆನೋವಾಗುವುದೂ ಇದೇ ವಾಲಿದ ರೆಕ್ಕೆ. ಅಸಲಿ ವಿಮಾನದ ರೆಕ್ಕೆಯ ಅಗಲ 8.94 ಮೀಟರ್, ಉದ್ದ 7.29 ಮೀಟರ್. ಹನ್ನೆರಡರಲ್ಲಿ ಒಂದರ ಅಳತೆಗೆ ಇಳಿಸಿದರೆ ರೆಕ್ಕೆ 74.5 ಸೆಂ.ಮೀ., ಉದ್ದ ಸುಮಾರು 61 ಸೆಂ.ಮೀ. ಆಗುತ್ತದೆ. ಎಡ ಬಲ ರೆಕ್ಕೆಗಳು ಒಂದೇ ಕೋನದಲ್ಲಿ ವಾಲದಿದ್ದರೆ ನೋಟವೂ ಕೆಡುತ್ತದೆ, ಹಾರಿಸುವ ಮಾದರಿಯಾದರೆ ಒಂದು ಬದಿಗೆ ಎಳೆಯುತ್ತದೆ. ಸ್ಟ್ಯಾಗ್ ಲೇನ್‌ನ ಶೆಡ್‌ನಲ್ಲಿ ಪಟ್ಟ ಪಾಡನ್ನೇ ಮಾದರಿಗಾರರು ಮೇಜಿನ ಮೇಲೆ ಮತ್ತೆ ಪಡುತ್ತಾರೆ.

ಇಬ್ಬರು ಮಕ್ಕಳನ್ನು ಕಳೆದುಕೊಂಡ ಅಪ್ಪ

ಎರಡನೇ ಮಹಾಯುದ್ಧದಲ್ಲಿ ಲೋಹದ ಕೊರತೆ ಎದುರಾದಾಗ ಜೆಫ್ರಿಯ ಕಂಪನಿ ಮತ್ತೆ ಮರದ ಕಡೆ ತಿರುಗಿತು. ಎರಡು ಪದರ ಪ್ಲೈವುಡ್ ನಡುವೆ ಹಗುರ ಬಾಲ್ಸಾ ಇಟ್ಟು ಕಟ್ಟಿದ ಮಸ್ಕಿಟೊ ಆ ಯುದ್ಧದ ಅತಿ ವೇಗದ ವಿಮಾನಗಳಲ್ಲಿ ಒಂದಾಯಿತು. 1940ರಲ್ಲಿ ಅದನ್ನು ಮೊದಲು ಹಾರಿಸಿದವರು ಹಿರಿಯ ಮಗ, ಅಪ್ಪನದೇ ಹೆಸರಿನ ಜೆಫ್ರಿ.

1943ರಲ್ಲಿ ಎರಡು ಮಸ್ಕಿಟೊಗಳು ಗಾಳಿಯಲ್ಲೇ ಡಿಕ್ಕಿಯಾಗಿ ಕಿರಿಯ ಮಗ ಜಾನ್ ತೀರಿಕೊಂಡರು. 1946ರ ಸೆಪ್ಟೆಂಬರ್ 27ರಂದು ಶಬ್ದದ ವೇಗದ ಸಮೀಪ ಹಾರುತ್ತಿದ್ದ ಡಿಎಚ್ 108 ಜೆಟ್ ಥೇಮ್ಸ್ ಅಳಿವೆಯ ಮೇಲೆ ಛಿದ್ರವಾಯಿತು. ಅದರಲ್ಲಿದ್ದವರು ಹಿರಿಯ ಮಗ. ಎರಡೂ ಸಲ ಸಾವು ಬಂದದ್ದು ಅಪ್ಪನ ಕಂಪನಿಯ ವಿಮಾನದಲ್ಲೇ. ಮೊದಲ ರೆಕ್ಕೆ ಹೊಲಿದಿದ್ದ ತಾಯಿ ಲೂಯಿಸ್ 1949ರಲ್ಲಿ ಕಣ್ಣು ಮುಚ್ಚಿದರು.

ಅದೇ 1949ರಲ್ಲಿ, ಜೆಫ್ರಿಯ ಹುಟ್ಟುಹಬ್ಬದ ದಿನವೇ, ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಕಾಮೆಟ್ ಹಾರಿತು. ಆದರೆ 1954ರಲ್ಲಿ ಎರಡು ಕಾಮೆಟ್‌ಗಳು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಫಾರ್ನ್‌ಬರೋದಲ್ಲಿ ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡ ಏರಿಸಿ ಇಳಿಸಿ ಪರೀಕ್ಷಿಸಿದಾಗ ಲೋಹ ದಣಿದು ಬಿರುಕು ಬಿಡುವುದು ಬಯಲಾಯಿತು. ಆ ಪಾಠ ಮುಂದೆ ಎಲ್ಲ ದೇಶಗಳ ವಿಮಾನ ತಯಾರಕರಿಗೂ ದಾರಿಯಾಯಿತು.

ಬೆಂಗಳೂರಿನ ಕೊಂಡಿ

ಸ್ವಾತಂತ್ರ್ಯದ ನಂತರವೂ ಭಾರತದ ಪೈಲಟ್‌ಗಳು ಟೈಗರ್ ಮಾತ್‌ನಲ್ಲೇ ಮೊದಲ ಪಾಠ ಕಲಿಯುತ್ತಿದ್ದರು. ಅದರ ಜಾಗ ತುಂಬಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ನೇತೃತ್ವದ ತಂಡ ರೂಪಿಸಿದ ಎಚ್‌ಟಿ-2. 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಇದು ಒಂದೇ ಜೋಡಿ ರೆಕ್ಕೆಯ, ಇಲ್ಲೇ ವಿನ್ಯಾಸಗೊಂಡ ತರಬೇತಿ ವಿಮಾನ. ಜೆಫ್ರಿಯ ಕಂಪನಿಯ ವ್ಯಾಂಪೈರ್ ಜೆಟ್‌ಗಳನ್ನೂ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿತು.

1944ರಲ್ಲಿ ಸರ್ ಪದವಿ ಪಡೆದಿದ್ದ ಜೆಫ್ರಿ 1965ರ ಮೇ 21ರಂದು, 82ನೇ ವಯಸ್ಸಿನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ವಿಮಾನದಿಂದ ಸೆವೆನ್ ಬ್ಯಾರೋಸ್ ಬಯಲಿನ ಮೇಲೆ ಚೆಲ್ಲಲಾಯಿತು. ಅವರ ಮೊದಲ ವಿಮಾನ ಮುರಿದು ಬಿದ್ದದ್ದೂ, ಎರಡನೆಯದು ಹಾರಿದ್ದೂ ಅಲ್ಲೇ.